ಸಂಶೋಧನೆ–ಶಿಕ್ಷಣ ಜಾಲ: ದಾವಣಗೆರೆ, ಚಿತ್ರದುರ್ಗದ ಕಾಲೇಜಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ಒಂದು ಕಾಲೇಜಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ವೈಫೈ ಬರ್ತಿಲ್ಲ ಅನ್ನುವ ಫೋನು ದಿನಕ್ಕೆ ಹತ್ತಾದರೂ ಬರುತ್ತವೆ. ಅವುಗಳ ನಡುವೆ ಆಗಾಗ ಬೇರೆ ಥರದ ಪ್ರಶ್ನೆಗಳೂ ಬರುತ್ತವೆ. ವಿದೇಶದ ವಿಶ್ವವಿದ್ಯಾಲಯಗಳನ್ನೆಲ್ಲ ಜೋಡಿಸುವ ದೊಡ್ಡ ಜಾಲ ಇದೆಯಂತೆ, ನಮಗೂ ಸಿಗುತ್ತಾ? ಸಿಕ್ಕರೆ ಏನು ಮಾಡಬಹುದು? ನಮ್ಮ ಕಾಲೇಜಷ್ಟೇ ಅಲ್ಲ, ಹರಿಹರ, ಹೊಸದುರ್ಗ, ಚಳ್ಳಕೆರೆ ಕಡೆಯ ಅಧ್ಯಾಪಕರೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗೂ ಬರೆದಿದ್ದೇನೆ.

ಇದು ಇಂಟರ್ನೆಟ್ಟೇ ಅಲ್ವಾ? ಬೇರೆ ಜಾಲ ಯಾಕೆ ಬೇಕು?

ತಂತ್ರಜ್ಞಾನ ಒಂದೇ. ಡೇಟಾ ಸಾಗಿಸುವ ಅದೇ ಐಪಿ ನಿಯಮ, ಅದೇ ಗಾಜಿನೆಳೆಯ ಫೈಬರ್, ದಾರಿ ತೋರಿಸುವ ಅದೇ ರೂಟರ್. ಬಳಸುವ ರೀತಿ ಮಾತ್ರ ಬೇರೆ.

ಮನೆಯ ಇಂಟರ್ನೆಟ್ ಕಂಪನಿ ಒಂದು ಲೈನನ್ನು ತುಂಬಾ ಮನೆಗಳಿಗೆ ಹಂಚುತ್ತದೆ. ಎಲ್ಲರೂ ಒಟ್ಟಿಗೆ ಪೂರ್ತಿ ವೇಗ ಬಳಸುವುದಿಲ್ಲ ಅನ್ನುವ ಲೆಕ್ಕದ ಮೇಲೆ ಅದು ನಡೆಯುತ್ತದೆ. ವಿಡಿಯೊ ನೋಡುವವರಿಗೆ ಅಷ್ಟು ಸಾಕು. ಸಂಶೋಧಕರ ಕೆಲಸ ಹಾಗಲ್ಲ. ಒಬ್ಬರೇ ಕೂತು ಒಂದು ಟೆರಾಬೈಟ್ ಡೇಟಾ ಒಂದೇ ಸಲ ಎಳೆಯುತ್ತಾರೆ. ಅಂಥ ದೊಡ್ಡ ಹರಿವಿಗೆಂದೇ ಜಾಗ ಖಾಲಿ ಬಿಟ್ಟು ಕಟ್ಟಿದ ಜಾಲ ಇದು. ಲಾಭಕ್ಕಾಗಿ ನಡೆಯುವುದಿಲ್ಲ, ವಿಶ್ವವಿದ್ಯಾಲಯಗಳಿಗೆ, ಸಂಶೋಧನಾ ಸಂಸ್ಥೆಗಳಿಗೆ ಮಾತ್ರ ತೆರೆದಿರುತ್ತದೆ.

ಯಾರು ನಡೆಸುತ್ತಾರೆ? ಜಗತ್ತಿಗೆಲ್ಲ ಒಂದೇ ಕಚೇರಿ ಇದೆಯಾ?

ಇಲ್ಲ. ಹೆಚ್ಚಿನ ದೇಶಗಳಿಗೆ ತಮ್ಮದೇ ಜಾಲ ಇರುತ್ತದೆ. ಬ್ರಿಟನ್ನಿನ ಜಾನೆಟ್ 1984ರಿಂದ ನಡೆಯುತ್ತಿದೆ. ಜರ್ಮನಿಗೆ ಡಿಎಫ್‌ಎನ್, ಫ್ರಾನ್ಸಿಗೆ ರೆನಟೇರ್, ಜಪಾನಿಗೆ ಸೈನೆಟ್, ಆಸ್ಟ್ರೇಲಿಯಾಕ್ಕೆ ಆರ್ನೆಟ್, ಶ್ರೀಲಂಕಾಕ್ಕೆ ಲರ್ನ್. ಅಮೆರಿಕದಲ್ಲಿ 34 ವಿಶ್ವವಿದ್ಯಾಲಯಗಳು 1996ರಲ್ಲಿ ಸೇರಿಕೊಂಡು ಇಂಟರ್ನೆಟ್2 ಕಟ್ಟಿಕೊಂಡವು. ಯುರೋಪಿನ ದೇಶಗಳ ಜಾಲಗಳನ್ನೆಲ್ಲ ಒಟ್ಟು ಮಾಡುವುದು ಜಿಯಾಂಟ್. ಲ್ಯಾಟಿನ್ ಅಮೆರಿಕಕ್ಕೆ ರೆಡ್‌ಕ್ಲಾರಾ, ಏಷ್ಯಾದ ದೇಶಗಳ ನಡುವೆ ಟೀನ್.

ಇವೆಲ್ಲ ಒಪ್ಪಂದ ಮಾಡಿಕೊಂಡು ಒಂದಕ್ಕೊಂದು ಕೂಡುತ್ತವೆ. ನಿಮ್ಮ ಡೇಟಾ ಒಂದು ಜಾಲದಿಂದ ಇನ್ನೊಂದಕ್ಕೆ ದಾಟುವಾಗ ಅದು ವ್ಯಾಪಾರದ ಸರಕೋ ಓದಿನ ಸರಕೋ ಅಂತ ಯಾರೂ ತಕರಾರು ಮಾಡುವುದಿಲ್ಲ, ಓದಿನದು ಅಂತ ಮೊದಲೇ ಮಾತಾಗಿರುತ್ತದೆ.

ಭಾರತದ ಜಾಲ ಯಾವುದು?

ಎರಡು ಹೆಸರು ನೆನಪಿಟ್ಟುಕೊಳ್ಳಿ. ಮೊದಲನೆಯದು ಅರ್ನೆಟ್. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಯುಎನ್‌ಡಿಪಿ ನೆರವಿನಿಂದ ಶುರು ಮಾಡಿದ್ದು. ಐದು ಐಐಟಿಗಳು, ಬಾಂಬೆಯ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ ಜೊತೆ ನಮ್ಮ ಬೆಂಗಳೂರಿನ ಐಐಎಸ್‌ಸಿ ಕೂಡ ಮೊದಲ ಗುಂಪಿನಲ್ಲೇ ಇತ್ತು. ನಮ್ಮ ಕಾಲೇಜುಗಳ ವಿಳಾಸದ ಕೊನೆಯಲ್ಲಿರುವ ಎಸಿ ಡಾಟ್ ಇನ್ ಹೆಸರುಗಳನ್ನು ಈಗಲೂ ಕೊಡುವುದು ಅರ್ನೆಟ್ಟೇ.

ಎರಡನೆಯದು ರಾಷ್ಟ್ರೀಯ ಜ್ಞಾನ ಜಾಲ. ಎಲ್ಲರೂ ಎನ್‌ಕೆಎನ್ ಅನ್ನುತ್ತಾರೆ. 2010ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಇದಕ್ಕೆ 5,990 ಕೋಟಿ ರೂಪಾಯಿ ಒಪ್ಪಿತು. ಕಟ್ಟಿದ್ದು, ನಡೆಸುವುದು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ. ನಡುಬೆನ್ನಿನ, ಅಂದರೆ ಊರೂರು ಕೂಡಿಸುವ ಮುಖ್ಯ ಲೈನುಗಳ ವೇಗ ಸೆಕೆಂಡಿಗೆ 10 ಗಿಗಾಬಿಟ್‌ನ ಪಟ್ಟುಗಳಲ್ಲಿದೆ. ಸಂಸ್ಥೆಗಳಿಗೆ ಅಗತ್ಯ ನೋಡಿ 100 ಮೆಗಾಬಿಟ್, 1 ಗಿಗಾಬಿಟ್ ಹೀಗೆ ಕೊಡುತ್ತಾರೆ. ಜಿನೀವಾ, ಆಮ್‌ಸ್ಟರ್‌ಡ್ಯಾಮ್, ಸಿಂಗಪುರದಲ್ಲಿ ಇದು ಹೊರಗಿನ ಜಾಲಗಳ ಜೊತೆ ಕೂಡುತ್ತದೆ.

ಭಾರತ್‌ನೆಟ್ ಅಂದರೆ ಇದೇನಾ?

ಅಲ್ಲ. ಭಾರತ್‌ನೆಟ್ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆ.

ಅಷ್ಟೊಂದು ವೇಗ ಯಾರಿಗೆ ಬೇಕು?

ಮೊದಲು ದೊಡ್ಡ ಉದಾಹರಣೆ. ಜಿನೀವಾ ಬಳಿಯ ಸರ್ನ್ ಅನ್ನುವ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರ ಇದೆ. ಅಲ್ಲಿ ಹುಟ್ಟುವ ಡೇಟಾವನ್ನು ಒಂದೇ ಊರಿನಲ್ಲಿ ಇಟ್ಟುಕೊಂಡು ಲೆಕ್ಕ ಹಾಕಲು ಆಗುವುದಿಲ್ಲ. ಅದಕ್ಕೇ 40ಕ್ಕಿಂತ ಹೆಚ್ಚು ದೇಶಗಳ ಸುಮಾರು 170 ಕೇಂದ್ರಗಳು ಹಂಚಿಕೊಂಡಿವೆ. ನಮ್ಮ ದೇಶದಲ್ಲಿ ಮುಂಬೈನ ಟಿಐಎಫ್‌ಆರ್ ಮತ್ತು ಕೋಲ್ಕತ್ತದ ವಿಇಸಿಸಿ ಅನ್ನುವ ಸಂಶೋಧನಾ ಸಂಸ್ಥೆಗಳು ಆ ಪಾಲು ಹೊತ್ತಿವೆ. ಚಿಲಿ ದೇಶದ ಬೆಟ್ಟದ ಮೇಲಿರುವ ರೂಬಿನ್ ವೀಕ್ಷಣಾಲಯ ಒಂದು ರಾತ್ರಿಗೆ ಸುಮಾರು 20 ಟೆರಾಬೈಟ್ ಚಿತ್ರ ತೆಗೆಯುವಂತೆ ಕಟ್ಟಿದ್ದು. ಅವು ಆಗಿಂದಾಗಲೇ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕು. ಆಕಾಶದಲ್ಲಿ ಏನಾದರೂ ಬದಲಾದರೆ ಒಂದು ನಿಮಿಷದೊಳಗೆ ಜಗತ್ತಿಗೆಲ್ಲ ತಿಳಿಸುವುದು ಅದರ ಗುರಿ.

ಇದನ್ನೆಲ್ಲ ಹೇಳಿದರೆ "ಅದು ದೊಡ್ಡವರ ಕಥೆ ಬಿಡಿ ಸರ್" ಅನ್ನುತ್ತಾರೆ. ಸರಿ, ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟೆಯ ಕಥೆ ಹೇಳುತ್ತೇನೆ.

2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರಲ್ಲಿ ಬಿದ್ದಿದ್ದು ಬಿಟ್ಟರೆ ಮತ್ತೆ ಆವತ್ತೇ. 89 ವರ್ಷ. ಊರೂರಿನಿಂದ ಜನ ನೋಡಲು ಹೋದರು. ನಮ್ಮಲ್ಲಿ ಎಂಎಸ್ಸಿ ಓದುತ್ತಿದ್ದ ಹಿರಿಯೂರು ಕಡೆಯ ಒಬ್ಬ ಹುಡುಗನೂ ಹೋಗಿ ಬಂದ. ಬಂದವನು, ಕೋಡಿ ಬೀಳುವ ಮೊದಲಿನ ಐದು ವರ್ಷ ಹಿನ್ನೀರು ಎಲ್ಲೆಲ್ಲಿಗೆ ಹೋಗಿ ಬಂತು ಅಂತ ಉಪಗ್ರಹ ಚಿತ್ರದಲ್ಲಿ ಅಳೆಯುತ್ತೇನೆ ಅಂದ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು ಐದು ದಿನಕ್ಕೊಮ್ಮೆ ಒಂದೇ ಜಾಗದ ಚಿತ್ರ ತೆಗೆಯುತ್ತವೆ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದು. ಸುಮಾರು ನೂರು ಕಿಲೋಮೀಟರ್ ಉದ್ದಗಲದ ಒಂದು ಚೌಕದ ಫೈಲ್ ಹೆಚ್ಚುಕಡಿಮೆ 800 ಮೆಗಾಬೈಟ್ ಇರುತ್ತದೆ.

ಮಳೆಗಾಲದ ಮೋಡದ ಚಿತ್ರಗಳನ್ನು ಬಿಟ್ಟು 120 ಚಿತ್ರ ಆರಿಸಿಕೊಂಡ. ಒಟ್ಟು 96 ಗಿಗಾಬೈಟ್. ನಮ್ಮ ಲ್ಯಾಬಿನಲ್ಲಿ ಅವನಿಗೆ ಸಿಗುತ್ತಿದ್ದದ್ದು 4 ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಅರ್ಧ ಮೆಗಾಬೈಟ್. ಲೆಕ್ಕ ಹಾಕಿ ನೋಡಿ, 53 ಗಂಟೆ. ಅದೂ ಕರೆಂಟ್ ಹೋಗದೆ, ಲೈನ್ ಕಟ್ಟಾಗದೆ ಇದ್ದರೆ. ಎರಡು ವಾರ ಒದ್ದಾಡಿದ. ಆಮೇಲೆ ಒಂದು ಶನಿವಾರ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ, ಗೆಳೆಯನ ಹಾಸ್ಟೆಲ್ಲಿನಲ್ಲಿ ಕೂತು ಇಳಿಸಿಕೊಂಡು, ಹಾರ್ಡ್ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ತಂದ. ಸೋಮವಾರ ಬೆಳಿಗ್ಗೆ ಅದನ್ನು ನನ್ನ ಟೇಬಲ್ ಮೇಲೆ ಇಟ್ಟು, "ಇದನ್ನು ಕಾಪಿ ಮಾಡಿಟ್ಟುಕೊಳ್ಳಿ ಸರ್, ಮುಂದಿನ ಬ್ಯಾಚಿನವರಿಗೆ ಆಗುತ್ತೆ" ಅಂದ.

ಆ ಡಿಸ್ಕು ಇನ್ನೂ ನನ್ನ ಕಪಾಟಿನಲ್ಲಿದೆ. ನಾನು ಇದನ್ನು ಬರೆಯುತ್ತಿರುವುದೂ ಅದಕ್ಕೇ. ಅದೇ 96 ಗಿಗಾಬೈಟ್, 100 ಎಂಬಿಪಿಎಸ್ ಪೂರ್ತಿ ಸಿಕ್ಕಿದ್ದರೆ ಎರಡು ಗಂಟೆ ಎಂಟು ನಿಮಿಷದ ಕೆಲಸ.

ಕಾಲೇಜಿಗೆ 1 ಗಿಗಾಬಿಟ್ ಲೈನ್ ಇದೆ ಅಂತಾರೆ. ನನ್ನ ಕಂಪ್ಯೂಟರಿಗೆ ಯಾಕೆ ಬರಲ್ಲ?

ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದೇ. ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಭದ್ರಾ ಬಲದಂಡೆ ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅಂತ ಪೇಪರಿನಲ್ಲಿ ಬರುತ್ತದೆ. ಲಕ್ಕವಳ್ಳಿಯಲ್ಲಿ ನೋಡಿದರೆ ನಾಲೆ ತುಂಬಿ ಹರಿಯುತ್ತಿರುತ್ತದೆ. ಆದರೆ ಅಚ್ಚುಕಟ್ಟಿನ ಕೊನೆ ಭಾಗದ ರೈತನ ಗದ್ದೆಗೆ ನೀರು ಮುಟ್ಟಿರುವುದಿಲ್ಲ. ನಡುವೆ ತೂಬು ಕಟ್ಟಿಕೊಂಡಿರಬಹುದು, ಉಪನಾಲೆಯಲ್ಲಿ ಹೂಳು ಇರಬಹುದು, ಹೊಲಗಾಲುವೆ ಒಡೆದಿರಬಹುದು. ನೆಟ್‌ವರ್ಕ್ ಕೂಡ ಹಾಗೇ. ಕೊನೆ ಭಾಗದಲ್ಲೇ ಕಷ್ಟ.

ಆ ಹುಡುಗ ಬೆಂಗಳೂರಿಗೆ ಹೋಗಿ ಬಂದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಭಾನುವಾರ ಕಾಲೇಜಿಗೆ ಹೋಗಿ ಲೈನನ್ನು ಗೇಟಿನಿಂದ ಅವನ ಲ್ಯಾಬಿನವರೆಗೆ ಒಂದೊಂದೇ ಹಂತ ಅಳೆಯುತ್ತಾ ಬಂದೆ. ಎರಡು ಲ್ಯಾಪ್‌ಟಾಪಿನಲ್ಲಿ ಐಪರ್ಫ್ ಹಾಕಿಕೊಂಡರೆ ಎರಡು ಜಾಗದ ನಡುವಿನ ನಿಜವಾದ ವೇಗ ಗೊತ್ತಾಗುತ್ತದೆ. ಸರ್ವರ್ ಕೋಣೆಯಲ್ಲಿ 900 ಎಂಬಿಪಿಎಸ್‌ಗಿಂತ ಜಾಸ್ತಿ ಬಂತು. ಪಕ್ಕದ ಕಟ್ಟಡದವರೆಗೂ ಅಷ್ಟೇ. ಲ್ಯಾಬಿರುವ ಮಹಡಿಗೆ ಬಂದ ಕೂಡಲೇ 94ಕ್ಕೆ ಇಳಿಯಿತು.

94 ಅನ್ನುವ ಅಂಕಿ ಕಂಡರೆ ಕೇಬಲ್ ನೋಡಿ. ತಾಮ್ರದ ನೆಟ್‌ವರ್ಕ್ ಕೇಬಲಿನಲ್ಲಿ ನಾಲ್ಕು ಜೋಡಿ ತಂತಿ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿ ಅಥವಾ ಕಂದು ಜೋಡಿ ಹೋದರೆ, ಕೇಬಲುಗಳನ್ನು ಕೂಡಿಸುವ ಸ್ವಿಚ್ಚು ಸಾಮಾನ್ಯವಾಗಿ ತಾನೇ 100ಕ್ಕೆ ಇಳಿದು, ಉಳಿದ ಮೂರರಲ್ಲಿ ಎರಡು ಜೋಡಿಯಲ್ಲಿ ಕೆಲಸ ಮುಂದುವರಿಸುತ್ತದೆ. ಲೈನ್ ನಿಲ್ಲುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಗೋಡೆಯ ಪಟ್ಟಿಯೊಳಗೆ ಇಲಿ ಕಡಿದಿತ್ತು. ಕಂದು ಬಣ್ಣದ ಜೋಡಿಯಲ್ಲಿ ಒಂದು ತಂತಿ ಪೂರ್ತಿ ತುಂಡಾಗಿ, ಇನ್ನೊಂದು ಕೂದಲಿನಷ್ಟು ಹಿಡಿದುಕೊಂಡಿತ್ತು. ಆ ಒಂದು ಕೇಬಲಿನ ಹಿಂದೆ ಮೂರು ಲ್ಯಾಬು, ಎರಡು ಸಿಬ್ಬಂದಿ ಕೋಣೆ, ಒಂದು ವೈಫೈ. ಅಷ್ಟೂ ಜನ 94 ಹಂಚಿಕೊಂಡು ಆ ಹುಡುಗನಿಗೆ ಉಳಿದದ್ದು 4. ಕೇಬಲ್ ಬದಲಾಯಿಸಲು ಒಂದು ಗಂಟೆ ಹಿಡಿಯಿತು. ಎಷ್ಟು ದಿನದಿಂದ ಹಾಗಿತ್ತೋ ಅಂತ ನೆನೆದರೆ ಈಗಲೂ ಸಂಕಟ ಆಗುತ್ತದೆ.

ಫೈಬರ್ ಇದ್ದಲ್ಲಿ ಧೂಳು ಶತ್ರು. ದೂರದ ಲೈನಿನ ಫೈಬರಿನಲ್ಲಿ ಬೆಳಕು ಹರಿಯುವ ನಡುಭಾಗ ಬರೀ 9 ಮೈಕ್ರಾನ್, ತಲೆಕೂದಲಿಗಿಂತ ಎಷ್ಟೋ ಸಣ್ಣದು. ಕನೆಕ್ಟರಿನ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆರಳಿನ ಜಿಡ್ಡು ಎಣ್ಣೆ ಹನಿಯ ಹಾಗೆ ಕಾಣುತ್ತದೆ. ಮೆಕ್ಕೆಜೋಳ ಒಕ್ಕಣೆಯ ದಿನಗಳಲ್ಲಿ ನಮ್ಮೂರಿನ ಗಾಳಿಯಲ್ಲಿ ಎಷ್ಟು ಧೂಳಿರುತ್ತದೆ ಅಂತ ನಿಮಗೇ ಗೊತ್ತು. ಮುಚ್ಚಳ ತೆಗೆದ ಕನೆಕ್ಟರನ್ನು ಒರೆಸದೆ ಚುಚ್ಚಬೇಡಿ. ಒರೆಸುವುದೂ ಅಂಗಿಯ ತುದಿಯಿಂದಲ್ಲ, ಅದಕ್ಕೆಂದೇ ಬರುವ ಕ್ಲೀನರಿನಿಂದ.

ಇನ್ನೊಂದು ಮಾತು. ಎಂಬಿಪಿಎಸ್ ಅಂದರೆ ಮೆಗಾಬಿಟ್. ಫೈಲಿನ ಅಳತೆ ಮೆಗಾಬೈಟಿನಲ್ಲಿರುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟು. 100 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 12 ಮೆಗಾಬೈಟ್ ಬಂದರೆ ಲೈನ್ ಸರಿಯಾಗೇ ಇದೆ, ದೂರು ಕೊಡಬೇಡಿ.

ಬೆಂಗಳೂರಿನಿಂದ ಬೇಗ ಬರುತ್ತೆ, ಯುರೋಪಿನಿಂದ ತರುವಾಗ ಮಾತ್ರ ಆಮೆ ನಡಿಗೆ. ಯಾಕೆ?

ದೂರ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಹೋಗಿ ಬರಲು ಮೂರು ಮಿಲಿಸೆಕೆಂಡೂ ಬೇಡ. ಯುರೋಪಿಗೆ ಸಮುದ್ರದ ಕೇಬಲ್ ಸುತ್ತಿ ಹೋಗುತ್ತದೆ, ನಡುವೆ ರೂಟರುಗಳಿವೆ. ಹೋಗಿ ಬರಲು 150 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ.

ಅಷ್ಟೇನಾ ಅನ್ನಿಸಬಹುದು. ಆದರೆ ಡೇಟಾ ಹೋಗುವ ಕ್ರಮ ನೋಡಿ. ಚನ್ನಗಿರಿಯಿಂದ ಅಡಿಕೆ ಲೋಡು ಕಳಿಸುತ್ತೀರಿ ಅಂದುಕೊಳ್ಳಿ. ಲೋಡು ಮುಟ್ಟಿದೆ ಅನ್ನುವ ಚೀಟಿ ವಾಪಸ್ ಬರುವವರೆಗೆ ಮುಂದಿನದು ಬಿಡುವುದಿಲ್ಲ ಅಂತ ನಿಯಮ. ಮಂಡಿ ಪಕ್ಕದಲ್ಲೇ ಇದ್ದರೆ ಚೀಟಿ ಬೇಗ ಬರುತ್ತದೆ, ಸಣ್ಣ ಗಾಡಿಯಾದರೂ ನಡೆಯುತ್ತದೆ. ಮಂಡಿ ದೂರವಾದರೆ ಒಂದೇ ಸಲ ತುಂಬಾ ಲಾರಿ ಬಿಡಬೇಕು. ಇಲ್ಲದಿದ್ದರೆ ರಸ್ತೆಯೆಲ್ಲ ಖಾಲಿ, ನೀವು ಚೀಟಿಗೆ ಕಾಯುತ್ತಾ ಕೂತಿರುತ್ತೀರಿ.

ಕಂಪ್ಯೂಟರಿನಲ್ಲಿ ಹೀಗೆ ಚೀಟಿ ನೋಡಿ ಡೇಟಾ ಕಳಿಸುವ ನಿಯಮ ಟಿಸಿಪಿ. ಚೀಟಿಗೆ ಕಾಯದೆ ಒಂದೇ ಸಲ ಬಿಡಬಹುದಾದ ಡೇಟಾಕ್ಕೆ ಟಿಸಿಪಿ ವಿಂಡೋ ಅನ್ನುತ್ತಾರೆ. ವಿಂಡೋ 64 ಕಿಲೋಬೈಟ್ ಇದ್ದು, ಹೋಗಿ ಬರಲು 150 ಮಿಲಿಸೆಕೆಂಡ್ ಆದರೆ, ಲೈನ್ ಎಷ್ಟೇ ದೊಡ್ಡದಿರಲಿ 3.5 ಎಂಬಿಪಿಎಸ್ ಮೇಲೆ ಹೋಗುವುದಿಲ್ಲ. 1 ಗಿಗಾಬಿಟ್ ತುಂಬಿಸಬೇಕಾದರೆ ಸುಮಾರು 19 ಮೆಗಾಬೈಟ್ ವಿಂಡೋ ಬೇಕು. ಹೊಸ ಕಂಪ್ಯೂಟರುಗಳು ಇದನ್ನು ತಾವೇ ಹಿಗ್ಗಿಸಿಕೊಳ್ಳುತ್ತವೆ. ಹಳೆಯ ಸರ್ವರು, ಹೊರಗಿನ ದಾಳಿ ತಡೆಯಲು ಇಟ್ಟ ಹಳೆಯ ಫೈರ್‌ವಾಲು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದರ ಮೇಲೆ ದಾರಿಯಲ್ಲಿ ಡೇಟಾದ ಒಂದೆರಡು ತುಣುಕು (ಪ್ಯಾಕೆಟ್) ಕಳೆದುಹೋದರೆ ಟಿಸಿಪಿ ಹೆದರಿ ವೇಗ ಇಳಿಸಿಬಿಡುತ್ತದೆ. ಹತ್ತಿರದ ಲೈನಿನಲ್ಲಿ ಬೇಗ ಚೇತರಿಸಿಕೊಳ್ಳುತ್ತದೆ, ದೂರದ್ದರಲ್ಲಿ ತುಂಬಾ ಹೊತ್ತು ಬೇಕು. ಅದಕ್ಕೇ ಧೂಳು ಹಿಡಿದ ಒಂದು ಕನೆಕ್ಟರು ಬೆಂಗಳೂರಿನ ಡೌನ್‌ಲೋಡಿಗೆ ಗೊತ್ತೇ ಆಗದೆ, ಜಿನೀವಾದ ಡೌನ್‌ಲೋಡನ್ನು ಮಾತ್ರ ಕೊಂದು ಹಾಕುತ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಬ್ರೌಸರಿನಲ್ಲಿ ಒಂದೊಂದೇ ಫೈಲ್ ಇಳಿಸುವ ಬದಲು, ಒಟ್ಟಿಗೆ ನಾಲ್ಕೈದು ಎಳೆಯಲ್ಲಿ ಇಳಿಸುವ, ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಸುವ ಸಾಧನ ಬಳಸಿ. ಸಂಶೋಧಕರು ಗ್ಲೋಬಸ್ ಬಳಸುತ್ತಾರೆ. ಆರ್‌ಸಿಂಕ್ ಗೊತ್ತಿದ್ದರೆ ಅದೂ ಒಳ್ಳೆಯದೇ.

ಹಾಗಾದರೆ ಫೈರ್‌ವಾಲ್ ತೆಗೆದುಬಿಟ್ಟರೆ ಆಯ್ತಲ್ಲ?

ತೆಗೆಯಬೇಡಿ. ಕಾಲೇಜಿನ ಫೀಸು, ಅಂಕಪಟ್ಟಿ, ಮಕ್ಕಳ ಆಧಾರ್ ಎಲ್ಲ ಅದರ ಹಿಂದೆ ಇರುತ್ತವೆ. ದೊಡ್ಡ ಡೇಟಾ ತರುವ ಒಂದೋ ಎರಡೋ ಕಂಪ್ಯೂಟರನ್ನು ಮಾತ್ರ ಗೇಟಿನ ಬಳಿ ಬೇರೆಯಾಗಿ ಇಟ್ಟು, ಅವುಗಳಿಗೆ ಬೇರೆ ಬಿಗಿ ನಿಯಮ ಹಾಕಬೇಕು. ಅಮೆರಿಕದ ಸಂಶೋಧನಾ ಜಾಲ ಇಎಸ್‌ನೆಟ್‌ನವರು ಇದಕ್ಕೆ ಸೈನ್ಸ್ ಡಿಎಂಜೆಡ್ ಅಂತ ಹೆಸರಿಟ್ಟರು. ಮನೆ ಜಗಲಿಯಲ್ಲಿ ಚೀಲ ಇಳಿಸಿಕೊಂಡು ಆಮೇಲೆ ಒಳಗೆ ಒಯ್ಯುವ ಹಾಗೆ. ಒಂದು ಸಾಧಾರಣ ಲಿನಕ್ಸ್ ಕಂಪ್ಯೂಟರು, ಎರಡು ದೊಡ್ಡ ಡಿಸ್ಕು ಇದ್ದರೆ ನಮ್ಮಂಥ ಕಾಲೇಜಿಗೆ ಸಾಕು.

ಎಡುರೋಮ್ ಅಂದರೇನು?

ಇದು ನನಗೆ ತುಂಬಾ ಇಷ್ಟವಾದ ವ್ಯವಸ್ಥೆ. ನಿಮ್ಮ ಕಾಲೇಜು ಸೇರಿದ್ದರೆ, ಅಲ್ಲಿನ ಹೆಸರು, ಪಾಸ್‌ವರ್ಡ್ ಹಾಕಿಯೇ ಜಗತ್ತಿನ ಯಾವುದೇ ಸದಸ್ಯ ವಿಶ್ವವಿದ್ಯಾಲಯದಲ್ಲಿ ವೈಫೈ ಬಳಸಬಹುದು. ನೆದರ್‌ಲ್ಯಾಂಡ್ಸಿನಲ್ಲಿ 2002ರಲ್ಲಿ ಹುಟ್ಟಿದ ಯೋಚನೆ, ಈಗ 100ಕ್ಕಿಂತ ಹೆಚ್ಚು ದೇಶಗಳಲ್ಲಿದೆ. ಭಾರತದಲ್ಲಿ ಅರ್ನೆಟ್ ನಡೆಸುತ್ತದೆ.

ನೀವು ಬರ್ಲಿನ್ನಿನಲ್ಲಿ ಲ್ಯಾಪ್‌ಟಾಪ್ ತೆರೆದರೆ, ಅಲ್ಲಿಯ ಜಾಲ ನಿಮ್ಮ ಹೆಸರಿನ ಕೊನೆಯ ಕಾಲೇಜಿನ ವಿಳಾಸ ನೋಡಿ ಪ್ರಶ್ನೆಯನ್ನು ಭಾರತಕ್ಕೆ, ಅಲ್ಲಿಂದ ದಾವಣಗೆರೆಗೆ ಕಳಿಸುತ್ತದೆ. "ಇವರು ನಿಮ್ಮವರಾ?" "ಹೌದು, ನಮ್ಮವರೇ" ಅಂತ ನಮ್ಮ ಸರ್ವರ್ ಉತ್ತರ ಕೊಡುತ್ತದೆ. ನಿಮ್ಮ ಪಾಸ್‌ವರ್ಡ್ ಬರ್ಲಿನ್ನಿನವರಿಗೆ ಕಾಣುವುದೇ ಇಲ್ಲ. ಸಮ್ಮೇಳನಕ್ಕೆ ಹೋಗುವ ಅಧ್ಯಾಪಕರು ಊರಲ್ಲಿರುವಾಗಲೇ ಫೋನಿನಲ್ಲಿ ಹಾಕಿಸಿಕೊಳ್ಳಿ. ಅಲ್ಲಿ ಹೋಗಿ ಫೋನ್ ಮಾಡಿದರೆ ನಮಗಿಲ್ಲಿ ನಡುರಾತ್ರಿ ಆಗಿರಬಹುದು. ಆದರೂ ಎತ್ತುತ್ತೇನೆ.

ಜರ್ನಲ್‌ಗಳು ಸಿಗುತ್ತವಾ?

ಜಾಲ ಬೇರೆ, ಜರ್ನಲಿನ ಚಂದಾ ಬೇರೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ದೇಶ ಒಂದು ಚಂದಾ ಯೋಜನೆಗೆ 6,000 ಕೋಟಿ ರೂಪಾಯಿ ಒಪ್ಪಿತು, 2025ರಿಂದ 2027ರವರೆಗೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿವೆ. ಯುಜಿಸಿಯ ಗ್ರಂಥಾಲಯ ಜಾಲ ಇನ್‌ಫ್ಲಿಬ್‌ನೆಟ್ ನೋಡಿಕೊಳ್ಳುತ್ತದೆ. ಆದರೆ ಇದು ಕೇಂದ್ರ ಮತ್ತು ರಾಜ್ಯ ಸರ್ಕಾರದ ಆಡಳಿತದ ಸಂಸ್ಥೆಗಳಿಗೆ. ನಮ್ಮ ಎರಡೂ ಜಿಲ್ಲೆಯಲ್ಲಿ ಖಾಸಗಿ ಮತ್ತು ಮಠದ ಸಂಸ್ಥೆಗಳಲ್ಲಿ ಓದುವ ಮಕ್ಕಳು ಎಷ್ಟೊಂದು ಜನ ಇದ್ದಾರೆ! ಅವರಿಗೂ ಬಾಗಿಲು ತೆರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸದ್ಯಕ್ಕೆ ನಿಮ್ಮ ಲೈಬ್ರರಿಯನ್‌ರನ್ನು ಕೇಳಿ. ಕಾಲೇಜಿನಲ್ಲಿ ಯಾವ ಚಂದಾ ಇದೆ ಅಂತ ಅವರಿಗೆ ಗೊತ್ತಿರುತ್ತದೆ, ಕೇಳುವವರೇ ಕಮ್ಮಿ.

ಸೂಪರ್ ಕಂಪ್ಯೂಟರ್ ಬಳಸಬಹುದಾ?

ಬಳಸಬಹುದು. ಮಾರ್ಗದರ್ಶಕರ ಮೂಲಕ ಅರ್ಜಿ ಹಾಕಬೇಕು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ 2015ರಲ್ಲಿ ಶುರುವಾಯಿತು. ಐಐಎಸ್‌ಸಿಯ ಪರಮ್ ಪ್ರವೇಗ 2022ರಲ್ಲಿ ಬಂತು, ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕ. ಯಂತ್ರ ಬೆಂಗಳೂರಿನಲ್ಲಿದ್ದರೂ ನೀವು ತೋಳಹುಣಸೆಯ ವಿಶ್ವವಿದ್ಯಾಲಯದ ಆವರಣದಲ್ಲಿ ಕೂತೇ ಕೆಲಸ ಕೊಡಬಹುದು. ಕೊಡುವ ಆಜ್ಞೆಗಳು ಸಣ್ಣವು, ಅದಕ್ಕೆ ಮೊಬೈಲ್ ಡೇಟಾ ಸಾಕು. ಫಲಿತಾಂಶದ ಫೈಲ್ ತರುವಾಗ ಒಳ್ಳೆಯ ಲೈನ್ ಬೇಕು.

ಹಾರ್ಡ್ ಡಿಸ್ಕಿನಲ್ಲಿ ಹಾಕಿ ಕಳಿಸಿದರೆ ಸಾಲದಾ? ನಿಮ್ಮ ಹುಡುಗ ಮಾಡಿದ ಹಾಗೆ?

ಕೆಲವು ಸಲ ಅದೇ ಸರಿ. 2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂತಲ್ಲ, ಅದರ ಡೇಟಾ ಪೂರ್ತಿ ಹಾರ್ಡ್ ಡಿಸ್ಕಿನಲ್ಲಿ ವಿಮಾನದಲ್ಲಿ ಹೋಯಿತು. 2017ರ ಏಪ್ರಿಲ್‌ನಲ್ಲಿ ಜಗತ್ತಿನ ಹಲವು ಕಡೆಯ ದೂರದರ್ಶಕಗಳು ಒಟ್ಟಿಗೆ ನೋಡಿದ್ದು. ಒಟ್ಟು ಹಲವು ಪೆಟಾಬೈಟ್. ದಕ್ಷಿಣ ಧ್ರುವದ ಡಿಸ್ಕುಗಳು ಮಾತ್ರ ಅಲ್ಲಿನ ಚಳಿಗಾಲ ಮುಗಿದು ವಿಮಾನ ಓಡಾಡುವವರೆಗೆ, ವರ್ಷದ ಕೊನೆವರೆಗೆ ಅಲ್ಲೇ ಕಾಯಬೇಕಾಯಿತು.

ಧ್ರುವದಿಂದ ಬೇರೆ ದಾರಿಯೇ ಇರಲಿಲ್ಲ. ದಾವಣಗೆರೆಯಿಂದ ಬೆಂಗಳೂರಿಗೆ ಹೆದ್ದಾರಿಯ ಪಕ್ಕದಲ್ಲೇ ಫೈಬರ್ ಹೋಗಿದೆ. ನಮ್ಮ ಹುಡುಗ ಬಸ್ ಹತ್ತಬೇಕಾಗಿ ಬಂದದ್ದು ನಮ್ಮ ಕಡೆಯ ತಪ್ಪು.

ಸಮುದ್ರದ ಕೇಬಲ್ ಕಡಿದರೆ?

ಕಡಿಯುತ್ತದೆ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಒಟ್ಟಿಗೆ ಹೋಗಿ ಭಾರತದ ಇಂಟರ್ನೆಟ್ಟು ನಿಧಾನವಾಗಿತ್ತು. ನಮ್ಮ ದೇಶಕ್ಕೆ ಬರುವ ಕೇಬಲ್ಲುಗಳು ಹೆಚ್ಚಾಗಿ ಮುಂಬೈ, ಚೆನ್ನೈ ತೀರದಲ್ಲಿ ಮೇಲೆ ಬರುತ್ತವೆ. ಪಶ್ಚಿಮದ ದಾರಿ ಮುಚ್ಚಿದರೆ ಸಿಂಗಪುರದ ಕಡೆಯಿಂದ ಹೋಗಬಹುದು, ದೂರ ಜಾಸ್ತಿ ಆಗುತ್ತದೆ ಅಷ್ಟೇ. ಸಂಶೋಧನಾ ಜಾಲಗಳು ಇಂಥ ಹೊತ್ತಿಗೆ ಒಬ್ಬರ ಲೈನನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಒಪ್ಪಂದ ಮಾಡಿಕೊಂಡಿವೆ. ಏಷ್ಯಾ ಪೆಸಿಫಿಕ್ ಯುರೋಪ್ ರಿಂಗ್ ಅಂಥದ್ದು.

ನಮ್ಮಲ್ಲಿ ಸಮುದ್ರಕ್ಕಿಂತ ಜಾಸ್ತಿ ಕಡಿಯುವುದು ರಸ್ತೆ ಅಗೆಯುವ ಜೆಸಿಬಿ. ಕಾಲೇಜಿಗೆ ಎರಡು ಲೈನ್ ತೆಗೆದುಕೊಳ್ಳುವುದಾದರೆ ಎರಡೂ ಒಂದೇ ರಸ್ತೆಯಲ್ಲಿ ಬರದಂತೆ ನೋಡಿಕೊಳ್ಳಿ.

ಚಳ್ಳಕೆರೆಯ ವಿಜ್ಞಾನ ನಗರದಿಂದ ನಮಗೆ ಏನಾದರೂ ಆಗುತ್ತಾ?

ಕುದಾಪುರದಲ್ಲಿ ಐಐಎಸ್‌ಸಿಗೆ ಸುಮಾರು 1,500 ಎಕರೆ ಇದೆ. ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ 2017ರಲ್ಲಿ ಶುರುವಾಯಿತು. ಬಾರ್ಕ್, ಇಸ್ರೋಗಳಿಗೂ ಜಾಗ ಕೊಟ್ಟಿದ್ದಾರೆ. ಇವೆಲ್ಲ ಅಮೃತಮಹಲ್ ಕಾವಲಿನ ಭೂಮಿ, ಸುತ್ತಲ ಹಳ್ಳಿಗಳವರು ದನ, ಕುರಿ ಮೇಯಿಸುತ್ತಿದ್ದ ಜಾಗ. ಆ ನೋವನ್ನು ಮರೆಯಬಾರದು. ಹಾಗಾಗಿಯೇ ಅಲ್ಲಿಗೆ ಬರುವ ಜ್ಞಾನ, ಅಲ್ಲಿಗೆ ಬರುವ ಲೈನು ಸುತ್ತಲಿನ ಮಕ್ಕಳಿಗೂ ಮುಟ್ಟಬೇಕು ಅಂತ ನಾನು ಕೇಳುವುದು.

ಐಐಎಸ್‌ಸಿಯ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಅಲ್ಲಿ ವಿಜ್ಞಾನ, ಗಣಿತ ಅಧ್ಯಾಪಕರಿಗೆ ತರಬೇತಿ ಕೊಡುತ್ತಾ ಬಂದಿದೆ. ಪ್ರಯೋಗಾಲಯಗಳು ಚೆನ್ನಾಗಿವೆ. ನಿಮ್ಮ ಕಾಲೇಜಿನಿಂದ ಯಾರೂ ಹೋಗಿಲ್ಲದಿದ್ದರೆ ಮೊದಲು ಅಲ್ಲಿಗೊಮ್ಮೆ ಹೋಗಿ ಬನ್ನಿ.

ನಮ್ಮ ಕಾಲೇಜು ಎನ್‌ಕೆಎನ್ ಮೇಲೆ ಇದೆಯೋ ಇಲ್ವೋ, ಹೇಗೆ ತಿಳಿಯುವುದು?

ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ನಿಮ್ಮ ಹೊರಗಿನ ಐಪಿ ವಿಳಾಸ ಎಷ್ಟು ಅಂತ ಹುಡುಕಿ. ಆ ಅಂಕಿಯನ್ನು, ನಮ್ಮ ಭಾಗದ ಐಪಿ ವಿಳಾಸಗಳ ಲೆಕ್ಕ ಇಡುವ ಏಪ್ನಿಕ್‌ನ ಹೂಈಸ್ ಪುಟದಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ಬರುತ್ತದೆ. ಇಲ್ಲವೇ ಐಐಎಸ್‌ಸಿಯ ವಿಳಾಸಕ್ಕೆ ಟ್ರೇಸರೂಟ್ ಕೊಡಿ. ನಡುವಿನ ಒಂದೊಂದು ನಿಲ್ದಾಣವೂ ಸಾಲಾಗಿ ಕಾಣುತ್ತದೆ. ಖಾಸಗಿ ಕಂಪನಿಯ ಹೆಸರೇ ಉದ್ದಕ್ಕೂ ಇದ್ದರೆ ನಿಮ್ಮ ದಾರಿ ಬೇರೆ. ಎರಡು ಲೈನ್ ಇದ್ದ ಕಡೆ ಎನ್‌ಕೆಎನ್ ಲೈನು ಒಂದೇ ಕಂಪ್ಯೂಟರಿಗೆ ಹೋಗಿ ನಿಂತಿರುವುದೂ ಉಂಟು. ನಾನು ಒಂದು ಕಡೆ ಬೀರುವಿನ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲೇ ಇದ್ದ ರೂಟರ್ ನೋಡಿದ್ದೇನೆ. ಹಸಿರು ದೀಪ ಉರಿಯುತ್ತಲೇ ಇತ್ತು.

ಇಲ್ಲ ಅಂತ ಗೊತ್ತಾಯ್ತು. ಈಗ?

ಪ್ರಾಂಶುಪಾಲರ ಸಹಿ ಇರುವ ಪತ್ರ ಬೇಕು. ಸುಮ್ನೆ ವೇಗ ಬೇಕು ಅಂತ ಬರೆಯಬೇಡಿ. ಯಾವ ವಿಭಾಗಕ್ಕೆ, ಯಾವ ಡೇಟಾ, ತಿಂಗಳಿಗೆ ಎಷ್ಟು ಗಿಗಾಬೈಟ್, ಎಲ್ಲಿಂದ ಬರಬೇಕು ಅಂತ ಬರೆಯಿರಿ. ಎನ್‌ಐಸಿಗೆ ಪ್ರತಿ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಂದ್ರ ಇದೆ, ಮೊದಲು ಅಲ್ಲಿ ಹೋಗಿ ಮಾತಾಡಿ. ಅರ್ನೆಟ್ಟಿನ ಸದಸ್ಯತ್ವದ ದಾರಿಯೂ ಇದೆ. ಲೈನಿನ ಖರ್ಚು, ಕೊನೆಯ ಕಿಲೋಮೀಟರಿನ ಫೈಬರ್ ಖರ್ಚು, ರೂಟರ್ ಯಾರದು, ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು, ಈ ನಾಲ್ಕನ್ನೂ ಬರಹದಲ್ಲಿ ಕೇಳಿಕೊಳ್ಳಿ. ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ.

ಮನೆಯಿಂದ ಬಳಸಬಹುದಾ?

ಹೊರಗಿನಿಂದ ಕಾಲೇಜಿನ ಜಾಲದೊಳಗೆ ಬರಲು ಬಿಡುವ ವಿಪಿಎನ್ ಅನ್ನು ಕಾಲೇಜು ಕೊಟ್ಟಿದ್ದರೆ ಬಳಸಬಹುದು. ನಿಮ್ಮ ಮನೆಯ ಲೈನಿನ ವೇಗ ಎಷ್ಟೋ ಅಷ್ಟೇ ಸಿಗುತ್ತದೆ.

ಸಿನಿಮಾ ಇಳಿಸಬಹುದಾ?

ಬೇಡ. ಓದಿಗೆ ಅಂತ ಬಿಟ್ಟ ಲೈನು ಅದು.

ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಈ ಕೆಲಸ ಕಲಿಯಲು ಎಲ್ಲಿಂದ ಶುರು ಮಾಡಲಿ?

ನಿಮ್ಮ ಲ್ಯಾಬಿನಿಂದಲೇ. ನೆಟ್‌ವರ್ಕ್ ನೋಡಿಕೊಳ್ಳುವವರ ಅನುಮತಿ ತೆಗೆದುಕೊಂಡು, ನಿಮ್ಮ ಟೇಬಲಿನ ಕೇಬಲ್ ಹಿಡಿದು ಅದು ಎಲ್ಲಿ ಹೋಗುತ್ತದೆ ಅಂತ ಹುಡುಕಿಕೊಂಡು ಹೋಗಿ. ಯಾವ ಸ್ವಿಚ್ಚು, ಯಾವ ಪೋರ್ಟು, ಅಲ್ಲಿಂದ ಯಾವ ಕಟ್ಟಡ, ಅಲ್ಲಿಂದ ಗೇಟಿನ ರೂಟರ್. ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿ ಹಂತದಲ್ಲೂ ಐಪರ್ಫ್ ಹಾಕಿ ಅಂಕಿ ಗುರುತು ಮಾಡಿ. ಎಲ್ಲಿ 94 ಕಂಡಿತೋ ಅಲ್ಲಿ ನಿಂತು, ಗೋಡೆಯ ಪಟ್ಟಿ ಬಿಚ್ಚಿ ನೋಡಿ. ಹಾಳೆಯ ಒಂದು ಪ್ರತಿ ನನಗೂ ತಂದು ಕೊಡಿ, ಉಳಿದದ್ದನ್ನು ಇಬ್ಬರೂ ಕೂತು ನೋಡೋಣ.